ಬ್ಯಾಟರಿ ಮೊದಲೋ, ಲೈನ್ ಮೊದಲೋ? ಸೋಲಾರ್ ಇನ್ವರ್ಟರ್ ಬಗ್ಗೆ ಗದಗಿನಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಗದಗ-ಬೆಟಗೇರಿ. ಎರಡು ವರ್ಷದ ಹಿಂದೆ 3 ಕೆವಿಎ ಸೋಲಾರ್ ಇನ್ವರ್ಟರ್ ಹಾಕಿಸಿದೆವು. ಜೊತೆಗೆ 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿ, 335 ವ್ಯಾಟ್‌ನ ನಾಲ್ಕು ಪ್ಯಾನೆಲ್ ಇವೆ. ಹಾಕಿಕೊಟ್ಟವರು ‘ಬ್ಯಾಟರಿ ಫಸ್ಟ್’ ಅಂತ ಸೆಟ್ ಮಾಡಿ, ಬಿಲ್ ಉಳಿಯುತ್ತದೆ ಎಂದು ಹೇಳಿ ಹೋದರು. ಮೊದಲ ಬೇಸಿಗೆ ಚೆನ್ನಾಗಿತ್ತು. ಈಗ ರಾತ್ರಿ ಕರೆಂಟ್ ಹೋದರೆ ಅರ್ಧ ಗಂಟೆಗೆಲ್ಲ ಇನ್ವರ್ಟರ್ ಕೂಗಲು ಶುರು ಮಾಡುತ್ತದೆ. ಪಕ್ಕದ ಮನೆಯವರು ‘ಲೈನ್ ಫಸ್ಟ್’ ಇಡಿ ಅಂತಾರೆ. ಹಾಗೆ ಇಟ್ಟರೆ ಸೋಲಾರ್‌ಗೆ ಹಾಕಿದ ದುಡ್ಡು ದಂಡ ಅಲ್ವಾ? ಬ್ಯಾಟರಿ ಆಗಲೇ ಹೋಗಿಬಿಟ್ಟಿದೆಯಾ?

ಉತ್ತರ:

ನಿಮ್ಮ ಮನೆಗೆ ಎರಡೂ ಬೇಡ. ಮಧ್ಯದಲ್ಲಿ ಇನ್ನೊಂದು ಸೆಟ್ಟಿಂಗ್ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಹಗಲು ಬಿಸಿಲಿನಿಂದ ಮನೆ ನಡೆಯಲಿ, ಕಡಿಮೆ ಬಿದ್ದದ್ದನ್ನು ಲೈನ್ ಕೊಡಲಿ, ಬ್ಯಾಟರಿಯನ್ನು ಕರೆಂಟ್ ಹೋದಾಗ ಮಾತ್ರ ಮುಟ್ಟಲಿ. ಸ್ಕ್ರೀನಿನ ಮೇಲೆ ಇದಕ್ಕೆ ಎಸ್‌ಯುಬಿ ಎಂದೋ, ಸೋಲಾರ್ ಫಸ್ಟ್ ಎಂದೋ ಹೆಸರಿರುತ್ತದೆ. ನಿಮ್ಮದರಲ್ಲಿ ಈಗ ಇರುವುದು ಬಹುಶಃ ಎಸ್‌ಬಿಯು. ಅಂದರೆ ಸೋಲಾರ್, ಆಮೇಲೆ ಬ್ಯಾಟರಿ, ಕೊನೆಗೆ ಲೈನ್. ಯು ಅಂದರೆ ಯುಟಿಲಿಟಿ, ನಮ್ಮ ಲೈನ್. ಎರಡಕ್ಕೂ ಅಕ್ಷರ ಅವೇ ಮೂರು, ಅದಲುಬದಲಾಗಿವೆ ಅಷ್ಟೇ. ಆದರೆ ಬ್ಯಾಟರಿಯ ಆಯುಷ್ಯ ಅದರ ಮೇಲೇ ನಿಂತಿದೆ.

ಯಾಕೆ ಅಂತ ಹೇಳುವ ಮೊದಲು ಒಂದು ಲೆಕ್ಕ ಹಾಕೋಣ. ಅಂಗಡಿಯಲ್ಲಿ ಈ ಲೆಕ್ಕ ಯಾರೂ ಹಾಕಿ ತೋರಿಸುವುದಿಲ್ಲ.

ನಿಮ್ಮ ಎರಡು ಬ್ಯಾಟರಿ ಸೇರಿ 24 ವೋಲ್ಟ್, 150 ಎಎಚ್. ಗುಣಿಸಿದರೆ 3,600 ವ್ಯಾಟ್-ಅವರ್, ಅಂದರೆ ಮೂರೂವರೆ ಯೂನಿಟ್ ಚಿಲ್ಲರೆ. ಇದು ಕಾಗದದ ಮೇಲಿನ ಲೆಕ್ಕ. ನಿಮ್ಮ ಟ್ಯೂಬುಲರ್ ಲೆಡ್ ಆ್ಯಸಿಡ್ ಜಾತಿಯದು, ಅಂಥ ಬ್ಯಾಟರಿಯನ್ನು ದಿನಾ ಪೂರ್ತಿ ಖಾಲಿ ಮಾಡುವಂತಿಲ್ಲ, ಅರ್ಧಕ್ಕೆ ನಿಲ್ಲಿಸಿದರೆ ಒಳ್ಳೆಯದು. ಅರ್ಧ ಅಂದರೆ 1.8 ಯೂನಿಟ್. ಅದು ಇನ್ವರ್ಟರ್ ಒಳಗೆ ಹಾದು ಎಸಿ ಆಗಿ ಹೊರಗೆ ಬರುವಷ್ಟರಲ್ಲಿ ಒಂದೂವರೆ ಯೂನಿಟ್ ಕೈಗೆ ಸಿಗುತ್ತದೆ. ಹೀಗೆ ಅರ್ಧ ಖಾಲಿ ಮಾಡಿ ಮತ್ತೆ ತುಂಬುವುದನ್ನು ಒಳ್ಳೆಯ ಟ್ಯೂಬುಲರ್ ಬ್ಯಾಟರಿ 1,200 ಸಲ ತಾಳುತ್ತದೆ ಅಂತ ಇಟ್ಟುಕೊಳ್ಳಿ. ಅಲ್ಲಿಗೆ ಜೀವಮಾನದಲ್ಲಿ ಅದು ಕೊಡುವುದು 1,800 ಯೂನಿಟ್. ಎರಡು ಬ್ಯಾಟರಿಗೆ 32,000 ರೂಪಾಯಿ ಕೊಟ್ಟಿದ್ದರೆ ಒಂದು ಯೂನಿಟ್ಟಿಗೆ 17-18 ರೂಪಾಯಿ ಬಿತ್ತು. ಇದು ಬರೀ ಬ್ಯಾಟರಿ ಸವೆದ ಖರ್ಚು, ಪ್ಯಾನೆಲ್ಲಿನ ಖರ್ಚು ಬೇರೆ. ಹೆಸ್ಕಾಂ ಮನೆಗೆ ಕೊಡುವ ಯೂನಿಟ್ಟಿನ ದರ 6 ರೂಪಾಯಿ ಆಸುಪಾಸು ಇದೆ. ನಿಮ್ಮ ಬ್ಯಾಟರಿ ನಾನು ಹೇಳಿದ್ದಕ್ಕಿಂತ ಎರಡು ಪಟ್ಟು ಬಾಳಿಕೆ ಬಂದರೂ ಯೂನಿಟ್ಟಿಗೆ 9 ರೂಪಾಯಿ ಹತ್ತಿರ ಬೀಳುತ್ತದೆ. ಆರು ರೂಪಾಯಿಯ ಕರೆಂಟ್ ಉಳಿಸಲು ಹದಿನೇಳು ರೂಪಾಯಿಯ ಬ್ಯಾಟರಿ ಸವೆಸುವುದು ಯಾವ ಉಳಿತಾಯ?

ಬ್ಯಾಟರಿ ಫಸ್ಟ್ ಇಟ್ಟ ಮೊದಲ ತಿಂಗಳು ಬಿಲ್ ಕಡಿಮೆ ಬರುತ್ತದೆ. ಅದು ಸುಳ್ಳಲ್ಲ, ಕಾಗದದ ಮೇಲೆ ಕಾಣುತ್ತದೆ. ಬ್ಯಾಟರಿಯ ಬಿಲ್ ಮಾತ್ರ ಮೂರ್ನಾಲ್ಕು ವರ್ಷ ಕಳೆದು ಒಂದೇ ಸಲ ಬರುತ್ತದೆ. ಅಷ್ಟೊತ್ತಿಗೆ ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರ ನೆನಪಿನಲ್ಲೂ ಇರುವುದಿಲ್ಲ.

ಇದರ ಮೇಲೆ ಗೃಹಜ್ಯೋತಿ ಇದೆ. 2023ರ ಆಗಸ್ಟ್‌ನಿಂದ ನಡೆಯುತ್ತಿರುವ ಯೋಜನೆ, ನಿಮಗೆ ಗೊತ್ತಿರುವುದೇ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅದರ ಮೇಲೆ ನೂರಕ್ಕೆ ಹತ್ತು (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ ಹತ್ತು ಯೂನಿಟ್) ಸೇರಿಸಿ ಅಷ್ಟು ಯೂನಿಟ್ ಪುಕ್ಕಟೆ, ಮೇಲಿನ ಮಿತಿ 200. ನಿಮಗೆ ಗೊತ್ತು ಮಾಡಿದ್ದು 90 ಯೂನಿಟ್ ಇದ್ದು ನೀವು 80 ಉರಿಸಿದರೆ ಬಿಲ್ ಸೊನ್ನೆ. ಬ್ಯಾಟರಿ ದುಡಿಸಿ ಅದನ್ನು 40ಕ್ಕೆ ಇಳಿಸಿದರೂ ಸೊನ್ನೆಯೇ. ಸೊನ್ನೆ ಬಿಲ್ಲನ್ನು ಉಳಿಸಲು ದಿನಾ ರಾತ್ರಿ ಬ್ಯಾಟರಿ ಖಾಲಿ ಮಾಡುವ ಮನೆಗಳು ನಮ್ಮ ಕಡೆ ಎಷ್ಟು ಇವೆ ಅಂತ ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಆದ್ದರಿಂದ ಸೆಟ್ಟಿಂಗ್ ಮುಟ್ಟುವ ಮೊದಲು ಒಂದು ವರ್ಷದ ಬಿಲ್ ತೆಗೆದು ಕೂತು ನೋಡಿ. ಗೊತ್ತು ಮಾಡಿದ ಯೂನಿಟ್ಟಿನ ಒಳಗೇ ಇದ್ದೀರಾದರೆ ಬಿಲ್ಲಿನ ಮಾತು ಅಲ್ಲಿಗೆ ಮುಗಿಯಿತು, ಬ್ಯಾಟರಿಯನ್ನು ಬರೀ ಬ್ಯಾಕಪ್ ಅಂತ ನೋಡಿ. ಸ್ವಲ್ಪ ದಾಟುತ್ತಿದ್ದರೆ, 200ರ ಒಳಗೆ, ದಾಟಿದ ಯೂನಿಟ್ಟಿಗೆ ಮಾತ್ರ ದುಡ್ಡು. ಅದನ್ನು ಹಗಲಿನ ಸೋಲಾರ್ ಒಂದೇ ಇಳಿಸಿಬಿಡುತ್ತದೆ. ತೊಂದರೆ ಇರುವುದು 200ರ ಗಡಿಯಲ್ಲಿ ಓಲಾಡುವವರಿಗೆ. 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಅಂಥವರು ಮೀಟರ್ ನೋಡಿಕೊಂಡು ತಿಂಗಳ ಕೊನೆಯ ನಾಲ್ಕು ದಿನ ಬ್ಯಾಟರಿ ಫಸ್ಟ್ ಇಟ್ಟರೆ ಲೆಕ್ಕ ಸರಿಯಾಗುತ್ತದೆ, ನಾನೂ ಬೇಡ ಅನ್ನುವುದಿಲ್ಲ.

ಈಗ ನಿಮ್ಮ ಬ್ಯಾಟರಿಗೆ ಏನಾಯಿತು ಅನ್ನುವುದಕ್ಕೆ ಬರೋಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ರಾತ್ರಿ ಏಳರಿಂದ ಬೆಳಿಗ್ಗೆ ಆರರವರೆಗೆ ಒಂದು ಸಾಧಾರಣ ಮನೆಯಲ್ಲಿ ಏನೇನು ನಡೆಯುತ್ತದೆ ನೋಡಿ. 75 ವ್ಯಾಟ್‌ನ ಎರಡು ಹಳೆಯ ಫ್ಯಾನ್ ಹತ್ತು ತಾಸು ತಿರುಗಿದರೆ ಒಂದೂವರೆ ಯೂನಿಟ್. ಫ್ರಿಜ್ ಅರ್ಧ ಯೂನಿಟ್. ಲೈಟು, ಟಿವಿ, ಮೊಬೈಲ್ ಎಲ್ಲ ಸೇರಿ ಇನ್ನೊಂದು ನಾಲ್ಕು ನೂರು ವ್ಯಾಟ್-ಅವರ್. ಇದರ ಜೊತೆಗೆ ಇನ್ವರ್ಟರ್ ತಾನೇ ಬದುಕಲು 40-50 ವ್ಯಾಟ್ ತಿನ್ನುತ್ತಿರುತ್ತದೆ, ಹನ್ನೊಂದು ತಾಸಿಗೆ ಅದೂ ಅರ್ಧ ಯೂನಿಟ್ ಆಯಿತು. ಒಟ್ಟು ಮೂರು ಯೂನಿಟ್ ಸಮೀಪ. ನಿಮ್ಮ ಬ್ಯಾಟರಿ ತುಂಬಿ ತುಳುಕಿದರೂ ಮೂರೂವರೆ. ಅಂದರೆ ಅರ್ಧಕ್ಕೆ ನಿಲ್ಲಿಸಬೇಕಾದದ್ದನ್ನು ದಿನಾ ನೂರಕ್ಕೆ ಎಂಬತ್ತರಷ್ಟು ಹಿಂಡಿದ್ದೀರಿ.

ಬೇಸಿಗೆಯಲ್ಲಿ ಇದು ಗೊತ್ತಾಗಲಿಲ್ಲ. ಗದಗಿನ ಬಿಸಿಲಿನ ಬಗ್ಗೆ ನಾನು ನಿಮಗೆ ಹೇಳಬೇಕಾ? ಫೆಬ್ರವರಿಯಿಂದ ಮೇವರೆಗೆ ನಿಮ್ಮ ನಾಲ್ಕು ಪ್ಯಾನೆಲ್ ಸೇರಿ ದಿನಕ್ಕೆ ಐದಾರು ಯೂನಿಟ್ ಕೊಡುತ್ತವೆ, ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಮತ್ತೆ ತುಂಬಿರುತ್ತದೆ. ಆಮೇಲೆ ಮಳೆಗಾಲ ಬಂತು. ಆರಿದ್ರಾ, ಪುನರ್ವಸು ಮಳೆ ಸುರಿಯಲಿ ಬಿಡಲಿ, ಮೋಡ ಮಾತ್ರ ವಾರಗಟ್ಟಲೆ ಕವಿದುಕೊಂಡು ಕೂತಿರುತ್ತದೆ. ಅಂಥ ದಿನ ಅದೇ ಪ್ಯಾನೆಲ್ಲಿನಿಂದ ಒಂದೂವರೆ, ಎರಡು ಯೂನಿಟ್ ಬಂದರೆ ಪುಣ್ಯ. ಅದರಲ್ಲೂ ಅರ್ಧ ಹಗಲಿನ ಬಳಕೆಗೇ ಹೋಗುತ್ತದೆ. ಧಾರವಾಡದ ಕಡೆಯಂತೂ ಇದಕ್ಕಿಂತ ಮೋಡ ಜಾಸ್ತಿ.

ಲೆಡ್ ಆ್ಯಸಿಡ್ ಬ್ಯಾಟರಿಗೆ ಖಾಲಿಯಾಗುವುದಕ್ಕಿಂತ ಕೆಟ್ಟದ್ದು ಒಂದಿದೆ. ಅದು ಪೂರ್ತಿ ತುಂಬದೆ ಅರೆಬರೆ ಚಾರ್ಜಿನಲ್ಲಿ ದಿನಗಟ್ಟಲೆ ಉಳಿಯುವುದು. ಬ್ಯಾಟರಿ ಖಾಲಿಯಾದಾಗ ಒಳಗಿನ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಕರಗಿ ಮತ್ತೆ ಆ್ಯಸಿಡ್‌ಗೆ ಸೇರುತ್ತದೆ. ವಾರಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಕರಗುವುದಿಲ್ಲ, ಆ ಜಾಗ ಸತ್ತಂತೆಯೇ. ಇನ್ನೊಂದು ವಿಷಯ: ಬ್ಯಾಟರಿ ಮೊದಲ ನೂರಕ್ಕೆ ಎಂಬತ್ತು ಬೇಗ ತುಂಬುತ್ತದೆ, ಕೊನೆಯ ಇಪ್ಪತ್ತಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಬಿಸಿಲು ನಾಲ್ಕು ತಾಸು ಬಂದು ಹೋದರೆ ಆ ಕೊನೆಯ ಇಪ್ಪತ್ತು ಯಾವತ್ತೂ ತುಂಬುವುದೇ ಇಲ್ಲ. ನಿಮ್ಮ ಬ್ಯಾಟರಿ ಎರಡು ಮಳೆಗಾಲ ಹೀಗೆ ಕಳೆದಿದೆ. ಅರ್ಧ ಗಂಟೆಯಲ್ಲಿ ಕೂಗುವುದಕ್ಕೆ ಇಷ್ಟು ಸಾಕು.

ನನಗೆ ಇನ್ನೊಂದು ಅನುಮಾನವೂ ಇದೆ. ಬಿಲ್ ಉಳಿಸುವ ಹುಮ್ಮಸ್ಸಿನಲ್ಲಿ ಹಾಕಿದವರು ಚಾರ್ಜಿಂಗ್ ಸೆಟ್ಟಿಂಗನ್ನೂ ‘ಸೋಲಾರ್ ಮಾತ್ರ’ ಅಂತ ಇಟ್ಟಿರಬಹುದು. ನಮ್ಮಲ್ಲಿ ಸಿಗುವ ಬೇಕಾದಷ್ಟು ಹೈಬ್ರಿಡ್ ಇನ್ವರ್ಟರ್‌ಗಳ (ಸೋಲಾರ್, ಬ್ಯಾಟರಿ, ಲೈನ್ ಮೂರನ್ನೂ ನಡೆಸುವಂಥವು) ಮೆನು ಒಂದೇ ತರಹ ಇರುತ್ತದೆ, ಮೇಲಿನ ಹೆಸರು ಬೇರೆ ಅಷ್ಟೇ. ಅವುಗಳಲ್ಲಿ 01ನೇ ನಂಬರ್ ಮನೆಗೆ ಕರೆಂಟ್ ಎಲ್ಲಿಂದ ಅನ್ನುವುದು, 16ನೇ ನಂಬರ್ ಬ್ಯಾಟರಿಗೆ ಚಾರ್ಜ್ ಎಲ್ಲಿಂದ ಅನ್ನುವುದು. ಜನ 01 ಒಂದನ್ನೇ ಚರ್ಚೆ ಮಾಡುತ್ತಾರೆ. 16ರಲ್ಲಿ ಓಎಸ್‌ಓ ಅಂತ ಇದ್ದರೆ ಲೈನಿನಿಂದ ಬ್ಯಾಟರಿಗೆ ಒಂದು ಹನಿಯೂ ಹೋಗುವುದಿಲ್ಲ. ಎಂಟು ದಿನ ಬಿಸಿಲು ಬರದಿದ್ದರೆ ಎಂಟು ದಿನ ಬ್ಯಾಟರಿ ಉಪವಾಸ, ಮನೆಯಲ್ಲಿ ಲೈನ್ ಇದ್ದೂ! ಇದನ್ನು ಸಿಎಸ್‌ಓ ಮಾಡಿ. ಆಗ ಹಗಲು ಬಿಸಿಲಿನಿಂದ ಚಾರ್ಜ್ ಆಗುತ್ತದೆ, ಸೋಲಾರ್ ನಿಂತ ಮೇಲೆ ಉಳಿದದ್ದನ್ನು ಲೈನ್ ತುಂಬುತ್ತದೆ. 11ನೇ ನಂಬರಿನಲ್ಲಿ ಲೈನಿನಿಂದ ಎಷ್ಟು ಆಂಪಿಯರ್ ಚಾರ್ಜ್ ಅಂತ ಇರುತ್ತದೆ. 150 ಎಎಚ್ ಬ್ಯಾಟರಿಗೆ 10ರಿಂದ 20 ಸಾಕು, ಅದಕ್ಕಿಂತ ಜಾಸ್ತಿ ಬೇಡ. 05ರಲ್ಲಿ ಬ್ಯಾಟರಿ ಜಾತಿ ಎಫ್‌ಎಲ್‌ಡಿ ಇದೆಯಾ ನೋಡಿ, ನೀರು ಹಾಕುವ ಬ್ಯಾಟರಿಗೆ ಅದೇ. ನಿಮ್ಮ ಯಂತ್ರದ ಮೆನು ಬೇರೆ ತರಹ ಇದ್ದರೆ ಪುಸ್ತಕ ನೋಡಿ ಇದೇ ಅರ್ಥದ್ದನ್ನು ಹುಡುಕಿ. ಏನೇ ಬದಲಿಸುವ ಮೊದಲು ಈಗ ಇರುವ ಎಲ್ಲ ನಂಬರುಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಹಳೆಯ ಕೆಲವು ಮಾಡೆಲ್‌ಗಳಲ್ಲಿ ಒಂದು ಮೋಸ ಇದೆ. ಅವುಗಳಲ್ಲಿ ‘ಸೋಲಾರ್ ಫಸ್ಟ್’ ಅಂತ ಇಟ್ಟರೂ, ಹಗಲು ಬಿಸಿಲು ಸಾಲದಿದ್ದಾಗ ಲೈನಿಗೆ ಹೋಗದೆ ಮೊದಲು ಬ್ಯಾಟರಿಯನ್ನೇ ಎಳೆಯುತ್ತದೆ. ಹೊಸವುಗಳಲ್ಲಿ ಕಡಿಮೆ ಬಿದ್ದದ್ದು ನೇರ ಲೈನಿನಿಂದ ಬರುತ್ತದೆ. ನಿಮ್ಮದು ಯಾವುದು ಅಂತ ತಿಳಿಯಲು ಮೋಡ ಇರುವ ಹಗಲು ಹೊತ್ತಿನಲ್ಲಿ ಇಸ್ತ್ರಿ ಪೆಟ್ಟಿಗೆ ಹಚ್ಚಿ, ಸ್ಕ್ರೀನಿನ ಮೇಲೆ ಬ್ಯಾಟರಿಯಿಂದ ಬಾಣ ಹೊರಗೆ ಬರುತ್ತಿದೆಯಾ ನೋಡಿದರೆ ಮುಗಿಯಿತು.

ಇನ್ನು ನಿಮ್ಮ ಪಕ್ಕದ ಮನೆಯವರ ಮಾತು. ಬರೀ ಲೈನ್ ಫಸ್ಟ್ ಇಟ್ಟರೆ ಬ್ಯಾಟರಿ ಚೆನ್ನಾಗಿ ಉಳಿಯುತ್ತದೆ, ನಿಜ. ಆದರೆ ಲೈನ್ ಇರುವ ತನಕ ಮನೆ ಪೂರ್ತಿ ಲೈನಿನ ಮೇಲೆ ಓಡುತ್ತದೆ, ಪ್ಯಾನೆಲ್ ಬ್ಯಾಟರಿ ತುಂಬಿಸಿ ಸುಮ್ಮನೆ ಕೂರುತ್ತದೆ. ನೀವು ಹೇಳಿದಂತೆ ಪ್ಯಾನೆಲ್ಲಿಗೆ ಹಾಕಿದ ದುಡ್ಡು ಆಗ ದಂಡವೇ. ಸೋಲಾರ್ ಇಲ್ಲದ, ಬರೀ ಬ್ಯಾಟರಿ ಇನ್ವರ್ಟರ್ ಇರುವ ಮನೆಗೆ ಅದು ಸರಿ. ಅಲ್ಲಿ ಬೇರೆ ಆಯ್ಕೆ ಇರುವುದೂ ಇಲ್ಲ. ಕೆಲವರು ಅಂಥ ಇನ್ವರ್ಟರಿನ ಮೇನ್ಸ್ ಸ್ವಿಚ್ ಆಫ್ ಮಾಡಿ ದಿನಾ ಬ್ಯಾಟರಿ ಓಡಿಸುತ್ತಾರೆ, ‘ಬಳಸದಿದ್ದರೆ ಕೆಡುತ್ತದೆ’ ಅಂತ. ತಿಂಗಳಿಗೊಮ್ಮೆ ಒಂದೆರಡು ತಾಸು ಓಡಿಸಿದರೆ ಸಾಕು. ದಿನಾ ಮಾಡಿದರೆ ಲೈನಿನ ಕರೆಂಟನ್ನೇ ಬ್ಯಾಟರಿಗೆ ಹಾಕಿ ಮತ್ತೆ ಹೊರಗೆ ತೆಗೆದಂತೆ, ಹಾಕಿದ ನೂರರಲ್ಲಿ ಅರವತ್ತೈದು, ಎಪ್ಪತ್ತು ವಾಪಸ್ ಬರುತ್ತದೆ. ಉಳಿದದ್ದು ಶಾಖವಾಗಿ ಹೋಯಿತು. ಬ್ಯಾಟರಿ ಫಸ್ಟ್ ಇಟ್ಟು, ರಾತ್ರಿ ಲೈನಿನಿಂದ ಚಾರ್ಜ್ ಆಗಲು ಬಿಟ್ಟ ಸೋಲಾರ್ ಮನೆಗಳಲ್ಲೂ ಇದೇ ಆಟ ರಾತ್ರಿಯಿಡೀ ನಡೆಯುತ್ತದೆ: ಲೈನ್ ಬ್ಯಾಟರಿ ತುಂಬಿಸುತ್ತದೆ, ಮನೆ ಅದನ್ನು ಖಾಲಿ ಮಾಡುತ್ತದೆ, ಮತ್ತೆ ಲೈನ್.

ಬ್ಯಾಟರಿ ಕಾದಿಡುವುದಕ್ಕೆ ನಮ್ಮ ಊರಿನದೇ ಒಂದು ಕಾರಣ ಇದೆ. ನಮ್ಮಲ್ಲಿ ಕರೆಂಟ್ ಕೈಕೊಡುವುದು ಯಾವಾಗ? ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ. ಸಂಜೆ ಗಾಳಿ ಎದ್ದು, ಗುಡುಗು ಸಿಡಿಲು ಆಗಿ, ಎಲ್ಲೋ ಮರ ಬಿದ್ದು, ತಂತಿ ಹರಿದು ಲೈನ್ ಹೋಯಿತು ಅಂದರೆ ರಾತ್ರಿ ಎಷ್ಟು ಹೊತ್ತಿಗೆ ಬರುತ್ತದೋ ಯಾರಿಗೆ ಗೊತ್ತು. ಹೆಸ್ಕಾಂ ಆಗಿ ಇಪ್ಪತ್ತು ವರ್ಷ ದಾಟಿದರೂ ಜನ ಇನ್ನೂ ‘ಕೆಇಬಿಗೆ ಫೋನ್ ಹಚ್ಚು’ ಅಂತಾರೆ, ಆ ಫೋನ್ ಅವತ್ತು ಎತ್ತುವುದೂ ಕಷ್ಟ. ಲೈನ್‌ಮನ್ ಕತ್ತಲಲ್ಲಿ, ಮಳೆಯಲ್ಲಿ ಕಂಬ ಹತ್ತಬೇಕು. ಆ ರಾತ್ರಿ ಹತ್ತಕ್ಕೆ ಕರೆಂಟ್ ಹೋದರೆ, ಎಸ್‌ಬಿಯು ಇಟ್ಟ ಮನೆಯ ಬ್ಯಾಟರಿ ಸಂಜೆಯಿಂದಲೇ ದುಡಿದು ಅರ್ಧಕ್ಕೆ ಬಂದಿರುತ್ತದೆ. ಎಸ್‌ಯುಬಿ ಇಟ್ಟ ಮನೆಯದು ತುಂಬಿರುತ್ತದೆ. ಬೇಕಾದ ದಿನವೇ ಇಲ್ಲದ ಬ್ಯಾಟರಿಯಿಂದ ಏನು ಉಪಯೋಗ?

ಆದರೂ ಮಾರ್ಚಿನಲ್ಲಿ ಹನ್ನೆರಡು ಗಂಟೆಗೇ ಬ್ಯಾಟರಿ ತುಂಬಿ, ಆಮೇಲಿನ ಬಿಸಿಲೆಲ್ಲ ವ್ಯರ್ಥ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಒಪ್ಪುತ್ತೇನೆ. ಅದಕ್ಕೆ ಬ್ಯಾಟರಿಗಿಂತ ಅಗ್ಗದ ಉಪಾಯ ಕೆಲಸದ ಹೊತ್ತು ಬದಲಿಸುವುದು. ವಾಷಿಂಗ್ ಮಷಿನ್, ಮಿಕ್ಸರ್, ಗ್ರೈಂಡರ್, ಇಸ್ತ್ರಿ ಎಲ್ಲ ಹನ್ನೊಂದರಿಂದ ಎರಡರೊಳಗೆ, ಒಂದಾದ ಮೇಲೆ ಒಂದು. ನಳದ ನೀರು ಬಂದ ದಿನ ಕೆಳಗಿನ ಟ್ಯಾಂಕಿಗೆ ಹಿಡಿದುಕೊಂಡು, ಮೇಲಿನ ಟ್ಯಾಂಕಿಗೆ ಏರಿಸುವುದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಅರ್ಧ ಎಚ್‌ಪಿ ಮೋಟರ್ ನಿಮ್ಮ ಇನ್ವರ್ಟರಿಗೆ ಭಾರವಲ್ಲ. ನಮ್ಮಲ್ಲಿ ನೀರು ಬರುವ ಹೊತ್ತು ಯಾರ ಕೈಯಲ್ಲೂ ಇಲ್ಲ, ಅದು ಬೇರೆ ಕಥೆ, ಆದರೆ ಏರಿಸುವ ಹೊತ್ತು ನಿಮ್ಮ ಕೈಯಲ್ಲಿದೆ.

ಇಷ್ಟರ ಮೇಲೂ ಬೇಸಿಗೆಯಲ್ಲಿ ರಾತ್ರಿ ಸ್ವಲ್ಪ ಬ್ಯಾಟರಿ ಬಳಸಲೇಬೇಕು ಅಂತಿದ್ದರೆ, ಎಸ್‌ಬಿಯು ಇಟ್ಟು ಕಡಿವಾಣ ಹಾಕಿ. 12ನೇ ನಂಬರಿನಲ್ಲಿ ಬ್ಯಾಟರಿ ಎಷ್ಟು ವೋಲ್ಟಿಗೆ ಇಳಿದರೆ ಲೈನಿಗೆ ಮರಳಬೇಕು ಅಂತ ಇರುತ್ತದೆ. 24 ವೋಲ್ಟಿನ ಯಂತ್ರಗಳಲ್ಲಿ ಕಂಪನಿಯಿಂದ ಬರುವಾಗ ಅದು ಸಾಮಾನ್ಯವಾಗಿ 23 ಇರುತ್ತದೆ, ಅಂದರೆ ಬ್ಯಾಟರಿಯನ್ನು ತಳದವರೆಗೆ ಕೆರೆದು ತೆಗೆಯಲು ಬಿಟ್ಟಂತೆ. ಅದನ್ನು 24.5 ಅಥವಾ 25ಕ್ಕೆ ಏರಿಸಿ. 13ನೇ ನಂಬರ್ ಮತ್ತೆ ಬ್ಯಾಟರಿಗೆ ಯಾವಾಗ ಬರಬೇಕು ಅನ್ನುವುದು. ಅದನ್ನು ‘ಫುಲ್’ ಅಂತಲೇ ಇಡಿ, ಇಲ್ಲದಿದ್ದರೆ ಮೇಲೆ ಹೇಳಿದ ಆಟ ಶುರುವಾಗುತ್ತದೆ. ಮೃಗಶಿರಾ ಮಳೆ ಕಾಣುತ್ತಿದ್ದಂತೆ ಮರೆಯದೆ ಎಸ್‌ಯುಬಿಗೆ ಬನ್ನಿ.

ಬ್ಯಾಟರಿ ಫಸ್ಟ್ ಯಾರಿಗೂ ಬೇಡವಾ ಅಂದರೆ, ಬೇಕಾದವರೂ ಇದ್ದಾರೆ. ಹಾವೇರಿ ಜಿಲ್ಲೆಯಲ್ಲಿ ಹೊಲದಲ್ಲೇ ಮನೆ ಕಟ್ಟಿಕೊಂಡವರನ್ನು ನೋಡಿ. ಊರಿನ ಫೀಡರ್ ಅಲ್ಲಿಗೆ ಬಂದಿರುವುದಿಲ್ಲ, ಪಂಪ್‌ಸೆಟ್ಟಿನ ಲೈನಿನ ಮೇಲೇ ಮನೆ. ಮೂರು ಫೇಸ್ ಬಂದಾಗ ಎಲ್ಲರ ಬೋರೂ ಒಟ್ಟಿಗೆ ಶುರುವಾಗಿ ವೋಲ್ಟೇಜ್ 150ಕ್ಕೆ ಇಳಿಯುತ್ತದೆ. ಅಂಥ ಲೈನನ್ನು ನಂಬಿ ಫ್ರಿಜ್ ಓಡಿಸುವುದಕ್ಕಿಂತ ಬ್ಯಾಟರಿಯೇ ಮೇಲು. ಅಲ್ಲಿ ಎಸ್‌ಬಿಯು ಸರಿ, ಆದರೆ ಪ್ಯಾನೆಲ್ ಜಾಸ್ತಿ ಬೇಕು, ಬ್ಯಾಟರಿಯೂ ದಿನಾ ಬಳಸಲೆಂದೇ ಮಾಡಿದ ಸೋಲಾರ್ ಬ್ಯಾಟರಿ ಆಗಿರಬೇಕು. ಬ್ಯಾಟರಿ ಮೇಲಿನ ಚೀಟಿಯಲ್ಲಿ ಸಿ10 ಅಂತ ಬರೆದಿದ್ದರೆ ಅದು. ಮನೆ ಇನ್ವರ್ಟರಿನದಕ್ಕೆ ಸಿ20 ಅಂತಿರುತ್ತದೆ. ಎರಡರ ಮೇಲೂ 150 ಅಂತಲೇ ಇದ್ದರೂ ಸಿ10ರದ್ದು ಗಟ್ಟಿ. ಆ ಕಡೆಯಿಂದ ಬರುವ ಇನ್ನೊಂದು ದೂರು, ‘ಲೈನ್ ಫಸ್ಟ್ ಇಟ್ಟರೂ ಬ್ಯಾಟರಿ ಮೇಲೇ ಓಡುತ್ತದೆ’ ಅನ್ನುವುದು. 03ನೇ ನಂಬರ್ ಯುಪಿಎಸ್ ಅಂತ ಇದ್ದರೆ ಲೈನ್ 170 ವೋಲ್ಟಿಗಿಂತ ಇಳಿದಾಗ ಯಂತ್ರ ಅದನ್ನು ಒಪ್ಪುವುದಿಲ್ಲ. ಎಪಿಎಲ್ ಮಾಡಿದರೆ 90ರವರೆಗೂ ಒಪ್ಪುತ್ತದೆ. ಆದರೆ ಫ್ರಿಜ್‌ಗೆ ಆಗ ಸ್ಟೆಬಿಲೈಸರ್ ಕಡ್ಡಾಯ.

ಲಿಥಿಯಂ ಬ್ಯಾಟರಿ ಇದ್ದವರ ಲೆಕ್ಕವೂ ಬೇರೆ. ಅದು ಅರೆಬರೆ ಚಾರ್ಜಿನಲ್ಲಿದ್ದರೆ ಏನೂ ಕೆಡುವುದಿಲ್ಲ, ಸಾವಿರಾರು ಸಲ ಖಾಲಿಯಾಗಿ ತುಂಬುತ್ತದೆ. ಬಳಸದೆ ಇಟ್ಟರೂ ವರ್ಷ ಕಳೆದಂತೆ ತಾನಾಗಿ ಹಳತಾಗುತ್ತದೆ. ಆದ್ದರಿಂದ ಬ್ಯಾಕಪ್‌ಗೆ ಅಂತ ಹೇಗೂ ಕೊಂಡಿದ್ದಾಗಿದೆ ಅಂದಮೇಲೆ ದಿನಾ ದುಡಿಸುವುದೇ ಸರಿ, ಕೊನೆಯ ನೂರಕ್ಕೆ ಮೂವತ್ತರಷ್ಟನ್ನು ಕರೆಂಟ್ ಹೋದಾಗಕ್ಕೆ ಬಿಟ್ಟು. ನಿಮ್ಮದು ಟ್ಯೂಬುಲರ್, ಅದಕ್ಕೆ ಇದು ಹೊಂದುವುದಿಲ್ಲ.

ಕೊನೆಗೆ ನಿಮ್ಮ ಬ್ಯಾಟರಿ ಹೋಗಿದೆಯಾ ಅನ್ನುವ ಪ್ರಶ್ನೆ. ಈಗಲೇ ಹೊಸದಕ್ಕೆ ದುಡ್ಡು ಕೊಡಬೇಡಿ. ಮೊದಲು ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ದಿನಾ ಓಡಿಸಿದ ಬ್ಯಾಟರಿಯಲ್ಲಿ ನೀರು ಬೇಗ ಇಳಿಯುತ್ತದೆ, ಗದಗಿನ ಬೇಸಿಗೆಗೆ ಇನ್ನೂ ಬೇಗ. ಪ್ಲೇಟು ಹೊರಗೆ ಕಾಣುತ್ತಿದ್ದರೆ ಮುಚ್ಚುವಷ್ಟು ಹಾಕಿ, ಗುರುತಿನವರೆಗೆ ತುಂಬುವುದು ಚಾರ್ಜ್ ಆದಮೇಲೆ. ಆಮೇಲೆ ಸೆಟ್ಟಿಂಗ್ ಬದಲಿಸಿ, ಮೂರು ನಾಲ್ಕು ದಿನ ಬ್ಯಾಟರಿಯನ್ನು ಮುಟ್ಟದೆ ಚಾರ್ಜಿಗೆ ಬಿಡಿ, ಆ ಕೋಣೆಯ ಕಿಟಕಿ ತೆಗೆದಿರಲಿ. ನಂತರ ಬ್ಯಾಟರಿಯವರನ್ನು ಕರೆದು ಹೈಡ್ರೋಮೀಟರಿನಲ್ಲಿ (ಆ್ಯಸಿಡ್ ಎಷ್ಟು ಗಟ್ಟಿ ಅಂತ ಅಳೆಯುವ ಕೊಳವೆ) ಹನ್ನೆರಡೂ ಸೆಲ್ ನೋಡಿಸಿ. ಎಲ್ಲವೂ 1.230ರಿಂದ 1.250ರ ಹತ್ತಿರ ಇದ್ದರೆ ಬ್ಯಾಟರಿ ಬದುಕಿದೆ, ಕಳೆದುಹೋದದ್ದರಲ್ಲಿ ಸ್ವಲ್ಪ ವಾಪಸ್ ಬರುತ್ತದೆ. ಎಲ್ಲವೂ ಒಂದೇ ಸಮ ಕಡಿಮೆ ಇದ್ದರೆ ಅಂಗಡಿಯಲ್ಲಿ ನಿಧಾನವಾಗಿ ಬೆಂಚ್ ಚಾರ್ಜ್ ಮಾಡಿಸಿ ನೋಡಿ. ಒಂದೆರಡು ಸೆಲ್ ಮಾತ್ರ 1.150ಕ್ಕೆ ಇಳಿದು ಉಳಿದವು ಚೆನ್ನಾಗಿದ್ದರೆ ಆ ಬ್ಯಾಟರಿ ಮುಗಿದ ಹಾಗೆ. ವಾರಂಟಿ ಕಾರ್ಡ್ ಹುಡುಕಿ, ಎರಡೇ ವರ್ಷ ಆಗಿರುವುದರಿಂದ ಅವಧಿ ಇನ್ನೂ ಇರಬಹುದು. ವಾರಂಟಿಯಲ್ಲಿ ಕೆಟ್ಟದ್ದೊಂದನ್ನೇ ಬದಲಿಸಿ ಕೊಡುತ್ತಾರೆ, ಅದನ್ನು ತೆಗೆದುಕೊಳ್ಳಿ. ಆದರೆ ಕೈಯಿಂದ ದುಡ್ಡು ಹಾಕುವುದಾದರೆ ಒಂದು ಹಳತು, ಒಂದು ಹೊಸತು ಜೋಡಿಸಬೇಡಿ. ಹಳತು ಬೇಗ ಖಾಲಿಯಾಗಿ ಹೊಸದನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಎರಡನ್ನೂ ಒಂದೇ ಕಂಪನಿಯದು, ಒಂದೇ ತಿಂಗಳಿನಲ್ಲಿ ತಯಾರಾದದ್ದು ನೋಡಿ ತನ್ನಿ, ಹಳೆಯವನ್ನು ವಾಪಸ್ ಕೊಟ್ಟು ಬೆಲೆಯಲ್ಲಿ ಕಳೆಸಿಕೊಳ್ಳಿ.